ಚೀಟಿಯ ಮೇಲೆ ನೀರಿನ ಹೆಸರು

ಅವರನ್ನು ಮೊದಲು ಕಂಡ ಮಧ್ಯಾಹ್ನ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾವು ನಾಲ್ಕು ಜನ ಇದ್ದೆವು. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ಶಾಪಿನ ಮಹಡಿಯ ಮೇಲಿನ ಕೋಣೆ. ಕಿಟಕಿಯ ಪಕ್ಕ ಜೂನಿಯರ್ ಪರೀಕ್ಷೆಗೆ ಬೆರಳು ಪಳಗಿಸುತ್ತಿದ್ದ ಇಬ್ಬರು ಹುಡುಗಿಯರು. ಬೆಂಚಿನ ಮೇಲೆ, ಪಹಣಿ ತಿದ್ದುಪಡಿಯ ಅರ್ಜಿ ಟೈಪಾಗಲೆಂದು ಕಾದು ಕೂತ ಮುದುಕರಾದ ಶಾನುಭೋಗರು. ಮಿಷಿನ್ನಿನ ಮುಂದೆ ನಾನು. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಮೆಟ್ಟಿಲು ಹತ್ತಿ ಬಂದವರು ತೆಳ್ಳಗಿನ ಆಸಾಮಿ. ಬಿಳಿ ಅರ್ಧತೋಳಿನ ಅಂಗಿ, ಅದರ ಜೇಬಿನ ಕೆಳಗೆ ಅಯೋಡಿನ್ ಕಲೆ, ಹೆಗಲಿಗೆ ಬಟ್ಟೆಯ ಚೀಲ.

ಬಿಸಿಲಲ್ಲಿ ಬಂದವರೆಂದು ಹೂಜಿಯಿಂದ ಒಂದು ಗಾಜಿನ ಲೋಟ ನೀರು ಕೊಟ್ಟೆ. ಅವರು ಅದನ್ನು ಒಮ್ಮೆ ಅಲ್ಲಾಡಿಸಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಇದು ಯಾವ ನೀರು?"

"ಕುಡಿಯೋ ನೀರು ಸಾರ್."

"ಅದು ಅದರ ಕೆಲಸ. ನಾನು ಕೇಳಿದ್ದು ಅದರ ಊರು."

ಶಾನುಭೋಗರು ಕನ್ನಡಕ ಏರಿಸಿ ನಕ್ಕರು. "ಹೆಣ್ಣು ನೋಡಕ್ಕೆ ಬಂದೋರ ಹಾಗೆ ಕುಲಗೋತ್ರ ಕೇಳ್ತಾರಲ್ಲಯ್ಯ ಇವರು!" ಹುಡುಗಿಯರ ಮಿಷಿನ್ನುಗಳು ನಿಂತುಹೋದವು. ಬಂದವರು ಮಾತ್ರ ನಗಲಿಲ್ಲ. ಪಕ್ಕದ ಬೀದಿಯ ಸೇದೋ ಬಾವಿಯದು ಎಂದು ನಾನು ಹೇಳಿದ ಮೇಲೆ ಗಟಗಟ ಕುಡಿದು, ಲೋಟ ಕೆಳಗಿಟ್ಟು, "ಒಂದು ಅರ್ಜಿ ಆಗಬೇಕು" ಎಂದರು. ಅಂದಿನಿಂದ ಹದಿಮೂರು ವರ್ಷ ಅವರ ಅರ್ಜಿಗಳನ್ನು ಟೈಪ್ ಮಾಡಿದೆ. ಅವುಗಳಲ್ಲಿ ಒಂದಾದರೂ ಕೆಲಸ ಮಾಡಿತೆಂದು ಹೇಳುವ ಧೈರ್ಯ ನನಗಿಲ್ಲ.

ನಂಜನಗೂಡಿನಿಂದ ನರಸೀಪುರಕ್ಕೆ ಬರುವ ಬಸ್ಸಿನ ದಾರಿಯಲ್ಲಿ ಹೊಳೆದಂಡೆಗೆ ಒಂದು ಊರಿದೆ. ಹೆಸರು ಬೇಡ. ಆ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅವರು ಕಾಂಪೌಂಡರ್, ಮನೆ ನಂಜನಗೂಡು. ಊರಿಗೆಲ್ಲ ಅವರು 'ಕಾಂಪೋಂಡ್ರಪ್ಪ'. ಡಾಕ್ಟರು ಮೈಸೂರಿನಿಂದ ವಾರಕ್ಕೆರಡು ದಿನ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಆ ಸೋರುವ ಕಟ್ಟಡಕ್ಕೆ ಮದ್ದೂ ಇವರೇ, ಮಾತೂ ಇವರೇ.

ಊರಿನ ನೀರಿನ ಕತೆ ಹೀಗಿತ್ತು. ಹೊಳೆಯ ಮಗ್ಗುಲಲ್ಲಿ ಒಂದು ಬಾವಿ, ಬಾವಿಗೆ ಪಂಪು, ಪಂಪಿನಿಂದ ಊರ ನಡುವಿನ ತೊಂಬೆಗೆ ಪೈಪು. ತೊಂಬೆ ಎಂದರೆ ಸುತ್ತ ನಲ್ಲಿಗಳಿರುವ ಸಿಮೆಂಟಿನ ಗುಂಡು ತೊಟ್ಟಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಆಗ ತಾನೇ ಎದ್ದಿದ್ದವು. ಆದರೆ ಬಾವಿಗೆ ಸ್ವಲ್ಪ ಮೇಲೆ ಒಂದು ಕೊಳಚೆ ಹಳ್ಳ ಬಂದು ಹೊಳೆಗೆ ಸೇರುತ್ತಿತ್ತು. ಮಳೆಗಾಲದಲ್ಲಿ ತೊಂಬೆಯ ನೀರು ಹುರುಳಿ ಬೇಯಿಸಿದ ಕಟ್ಟಿನ ಬಣ್ಣಕ್ಕೆ ತಿರುಗಿದರೆ, ಆಸ್ಪತ್ರೆಯ ಮುಂದೆ ವಾಂತಿಭೇದಿಯ ಸಾಲು ನಿಲ್ಲುತ್ತಿತ್ತು.

ಇದಕ್ಕೊಂದು ಮದ್ದಿತ್ತು. ಶುದ್ಧ ಮಾಡಿದ ನೀರಿನ ದೊಡ್ಡ ಕೊಳವೆಯೊಂದು ಊರಿಗೆ ಎರಡು ಮೈಲಿ ದೂರದಲ್ಲೇ ಹಾದುಹೋಗಿತ್ತು. ಅದರಿಂದ ಒಂದು ಕವಲು ಎಳೆಯಬೇಕು. ಎಳೆಯಲು ಒಂದು ಕಾಗದ ಬೇಕು: ಸರ್ಕಾರಿ ಪ್ರಯೋಗಾಲಯ 'ಈ ನೀರು ಕುಡಿಯಲು ಯೋಗ್ಯವಲ್ಲ' ಎಂದು ಬರೆದ ವರದಿ. ಇವರೇ ಬಾಟಲಿಯಲ್ಲಿ ಹಿಡಿದುಕೊಂಡು ಹೋದ ನೀರು ನಡೆಯುವುದಿಲ್ಲ. ಅಧಿಕಾರಿ ಖುದ್ದು ಬಂದು, ತನ್ನ ಕೈಯಾರೆ ಹಿಡಿದು, ಸೀಲು ಹಾಕಬೇಕು. ಆ ಅಧಿಕಾರಿಯನ್ನು ಕರೆಸುವುದೇ ನಮ್ಮ ಅರ್ಜಿಗಳ ಕೆಲಸ.

ತೊಂಬೆ ಇದ್ದದ್ದು ನಂಜನಗೂಡು ತಾಲ್ಲೂಕಿನಲ್ಲಿ. ಬಾವಿ ಮತ್ತು ಪಂಪು, ಗಡಿ ದಾಟಿ, ನರಸೀಪುರ ತಾಲ್ಲೂಕಿನಲ್ಲಿ. ನಂಜನಗೂಡಿನ ಕಚೇರಿಯಲ್ಲಿ ಕೇಳಿದರೆ, "ಕೆಟ್ಟಿರೋದು ಬಾವಿ, ಬಾವಿ ಇರೋ ಕಡೆ ಬರೀರಿ" ಎನ್ನುವರು. ಇಲ್ಲಿ ನರಸೀಪುರದಲ್ಲಿ ಕೇಳಿದರೆ, "ಕುಡಿಯೋರು ಅಲ್ಲಿಯೋರು, ಅವರ ಕಡೆಯಿಂದ ಬರಲಿ" ಎನ್ನುವರು. ಒಮ್ಮೆ ರೋಸಿಹೋಗಿ ಕಾಂಪೌಂಡರು ನನಗೆ ಹೇಳಿದರು: "ಮೇಷ್ಟ್ರೇ, ಆ ನೀರು ಗಡಿ ದಾಟೋವಾಗ ಯಾರನ್ನಾದರೂ ಕೇಳಿತಾ? ನಾನ್ಯಾಕೆ ಕೇಳಬೇಕು?" ಕೇಳದೆ ವಿಧಿಯಿರಲಿಲ್ಲ. ರಜೆ ಸಿಕ್ಕಿದ ದಿನವೆಲ್ಲ ಒಂದು ಊರಿನ ಬಸ್ ಇಳಿದು ಇನ್ನೊಂದು ಊರಿನ ಬಸ್ ಹತ್ತುವರು.

ಅರ್ಜಿ ಬರೆಸುವಾಗ ಅವರಿಗೂ ನನಗೂ ಜಗಳ. 'ತಮ್ಮ ದಿವ್ಯ ಗಮನಕ್ಕೆ' ಎಂದು ನಾನು ರೂಢಿಯಂತೆ ಶುರುಮಾಡಿದರೆ, "ದಿವ್ಯ ತೆಗೀರಿ" ಎನ್ನುವರು. 'ಕೈಮುಗಿದು ಬೇಡಿಕೊಳ್ಳುತ್ತೇನೆ' ಎಂದರೆ, "ಕೈಮುಗಿದರೆ ಸಹಿ ಯಾವ ಕೈಲಿ ಹಾಕಲಿ?" ಎನ್ನುವರು. ನಾನು ಭಾಷೆಯನ್ನು ಕಲಿತದ್ದು ಅಜ್ಜ ಅಜ್ಜಿಯರ ಬಾಯಿಂದ; ದೊಡ್ಡವರ ಮುಂದೆ ಮಾತು ಸ್ವಲ್ಪ ಬಾಗಿ ನಡೆಯಬೇಕು ಎಂಬ ಪಾಠ ಅವರದು. ಕಾಂಪೌಂಡರ ಮಾತು ಬಾಗುತ್ತಿರಲಿಲ್ಲ. ಅದಕ್ಕೇ ಅವರ ಕೆಲಸ ಆಗುತ್ತಿಲ್ಲವೇನೋ ಎಂದು ಆಗ ನನಗೆ ಅನ್ನಿಸುತ್ತಿತ್ತು. ಒಂದೆರಡು ಸಲ ಅವರಿಗೆ ಗೊತ್ತಾಗದಂತೆ 'ದಿವ್ಯ' ಸೇರಿಸಿಯೂ ಕಳಿಸಿದೆ. ಉತ್ತರ ಅದೇ ಬಂತು: 'ಪರಿಶೀಲನೆಯಲ್ಲಿದೆ.'

ಅವರ ಕೈಗೆ ಒಂದು ಚಟವಿತ್ತು. ದ್ರವ ಯಾವುದೇ ಇರಲಿ, ಅಲ್ಲಾಡಿಸಿಯೇ ನೋಡಬೇಕು. ಮೂವತ್ತು ವರ್ಷ ಮದ್ದಿನ ಬಾಟಲಿ ಕುಲುಕಿದ ಕೈ. ಹೋಟೆಲಿನ ಕಾಫಿ, ಮನೆಯ ಮಜ್ಜಿಗೆ, ಪೂಜಾರಪ್ಪ ಕೊಟ್ಟ ತೀರ್ಥ, ಎಲ್ಲವನ್ನೂ ಕುಲುಕುವರು. ಒಮ್ಮೆ ನಂಜನಗೂಡಿನಲ್ಲಿ ಅವರ ನಾದಿನಿಯ ಮಗಳ ಮದುವೆ. ನಾನೂ ಹೋಗಿದ್ದೆ. ಎಲೆ ಮುಂದೆ ಕೂತವರು ಬಡಿಸುವವನನ್ನು ತಡೆದು, "ಈ ನೀರು ಎಲ್ಲಿಯದು?" ಎಂದು ಕೇಳಿಯೇಬಿಟ್ಟರು. ಅವನು ಉತ್ತರಿಸಲು ತಡವರಿಸಿದ. ಪಂಕ್ತಿಯಲ್ಲಿ ಒಬ್ಬೊಬ್ಬರೇ ಲೋಟ ಕೆಳಗಿಟ್ಟರು. ಬೀಗರ ಕಡೆಯವರು, "ಏನಂತೆ, ನೀರಲ್ಲಿ ಏನಂತೆ?" ಎಂದು ಎದ್ದರು. ಕಾಂಪೌಂಡರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ನನ್ನ ಹತ್ತಿರ ಬಂದು, "ನೋಡಿ ಮೇಷ್ಟ್ರೇ, ಇವರನ್ನ ಎಲ್ಲಿಗೂ ಕರಕೊಂಡು ಹೋಗೋ ಹಾಗಿಲ್ಲ. ನನ್ನ ಮದುವೇಲೂ ಹೀಗೇ ಕೇಳಿದ್ದಿದ್ರೆ ನಾನು ತಾಳಿ ಕಟ್ಟಿಸ್ಕೊತಿರ್ಲಿಲ್ಲ" ಎಂದರು.

ಆಸ್ಪತ್ರೆಯಲ್ಲೂ ಇದೇ ಪ್ರಶ್ನೆ. ಚೀಟಿಯ ಮೇಲೆ ರೋಗಿಯ ಹೆಸರು, ವಯಸ್ಸು, ಊರು ಬರೆಯಬೇಕೆಂದು ನಿಯಮ. ಇವರು ಅದರ ಪಕ್ಕ ನೀರಿನ ಹೆಸರನ್ನೂ ಬರೆಯುವರು. ತೊಂಬೆ. ಹೊಳೆ. ಗೌಡರ ಬೋರು. ಯಾರು ಯಾವ ನೀರು ಕುಡಿದು ಯಾವ ರೋಗಕ್ಕೆ ಬಂದರು ಎಂಬುದು ಚೀಟಿಯಲ್ಲೇ ಕಾಣಲಿ ಎಂದು. ಕಾಲು ಉಳುಕಿ ಬಂದವನಿಗೂ ಬಿಡುಗಡೆ ಇರಲಿಲ್ಲ.

"ಕಾಲು ಉಳುಕೈತೆ ಕಣ್ ಕಾಂಪೋಂಡ್ರಪ್ಪಾ, ನೀರ್ ಯಾಕ್ ಬೇಕು ನಿಂಗೆ?"

"ಕಾಲು ನಿಂದು. ನೀರು ಊರಿಂದು. ಹೇಳು."

ಡಾಕ್ಟರು ಕೆಟ್ಟವರಲ್ಲ, ದಣಿದವರು. ಒಂದು ದಿನ ನನ್ನೆದುರೇ ಬೈದರು. "ಏನ್ರೀ ಇದು, ಚೀಟಿ ಅಂದ್ರೆ ನಿಮ್ಮ ಡೈರಿ ಅಂದ್ಕೊಂಡ್ರಾ? ತೊಂಬೆ ತೊಂಬೆ ತೊಂಬೆ! ಮೇಲಿನವರು ನೋಡಿದ್ರೆ ನನ್ನ ಕೇಳ್ತಾರೆ, ವಾಂತಿಭೇದಿ ಇಷ್ಟು ಯಾಕೆ ಅಂತ."

"ಕೇಳಲಿ ಅಂತಾನೇ ಬರೀತೀನಿ ಸಾರ್."

ಡಾಕ್ಟರು ಪೆನ್ನಿನ ಕ್ಯಾಪು ಹಾಕಿ ಎದ್ದುಹೋದರು.

ಕೊನೆಗೂ ಆರನೆಯ ವರ್ಷಕ್ಕೆ ಅಧಿಕಾರಿ ಬರುವುದು ಗೊತ್ತಾಯಿತು. ಇನ್ನು ಮುಂದೆ ಹೇಳುವುದರಲ್ಲಿ ನನ್ನ ತಪ್ಪೂ ಇದೆ. ಅರ್ಜಿಗಳಿಗೆ ವಿಳಾಸ ನನ್ನ ಇನ್‌ಸ್ಟಿಟ್ಯೂಟಿನದು, ಪತ್ರ ನನ್ನ ಕೈಗೇ ಬಂತು: ನಾಳೆ ಬೆಳಿಗ್ಗೆ ತೊಂಬೆಯ ನೀರಿನ ಮಾದರಿ ಸಂಗ್ರಹಿಸಲಾಗುವುದು. ಕಾಂಪೌಂಡರು ಅಂದು ಮದ್ದಿನ ಸರಕು ತರಲು ಮೈಸೂರಿಗೆ ಹೋಗಿದ್ದರು. ಮಾರನೆಯ ಮಧ್ಯಾಹ್ನವೇ ವಾಪಸು. ನನಗೆ ಸಂತೋಷ ತಡೆಯಲಿಲ್ಲ. ಸಂಜೆಯ ಬಸ್ಸಿನ ಕಂಡಕ್ಟರನ ಕೈಲಿ ಊರಿಗೆ ಮಾತು ಕಳಿಸಿದೆ: ನಾಳೆ ದೊಡ್ಡ ಸಾಹೇಬರು ನಿಮ್ಮ ನೀರು ನೋಡಕ್ಕೆ ಬರ್ತಾರೆ, ಎಲ್ಲ ಸಿದ್ಧವಾಗಿರಲಿ.

ಮರುದಿನ ನಾನೂ ಹೊರಟೆ. ಊರ ಬಾಗಿಲಲ್ಲಿ ಬಸ್ ಇಳಿದಾಗ ಮೈಸೂರಿನ ಕಡೆಯಿಂದ ಇನ್ನೊಂದು ಬಸ್ಸೂ ಬಂದು ನಿಂತಿತು. ಹೆಗಲ ಮೇಲೆ ಮದ್ದಿನ ರಟ್ಟಿನ ಪೆಟ್ಟಿಗೆ ಹೊತ್ತು ಕಾಂಪೌಂಡರು ಇಳಿದರು. ವಿಷಯ ಹೇಳಿದೆ. ಅವರ ಮುಖ ನಾನು ಎಂದೂ ಕಾಣದಷ್ಟು ಅರಳಿತು. ಪೆಟ್ಟಿಗೆ ಕೆಳಗಿಡದೆ, ಹಾಗೇ ನಡೆದರು. ತೊಂಬೆಯ ಬಳಿ ತಿರುಗಿದೆವು.

ತೊಂಬೆಗೆ ಮಾವಿನ ತೋರಣ ಕಟ್ಟಿತ್ತು. ಸುತ್ತ ಸಗಣಿ ಸಾರಿಸಿ ರಂಗೋಲಿ. ಸಿಮೆಂಟಿನ ಮೈಯನ್ನು ತೆಂಗಿನ ನಾರು, ಬೂದಿ ಹಾಕಿ ತಿಕ್ಕಿ ತೊಳೆದಿದ್ದರು. ನಲ್ಲಿಗಳು ಹುಣಿಸೆಹಣ್ಣಿನಲ್ಲಿ ಉಜ್ಜಿ ಫಳಫಳ. ಬೆಳಗಿನ ಜಾವವೇ ಗಂಡಸರು ಮೇಲೆ ಹತ್ತಿ, ಇದ್ದ ನೀರನ್ನೆಲ್ಲ ಹೊರಗೆ ಚೆಲ್ಲಿ, ತಳದ ಕೆಸರು ಬಳಿದು, ಆಸ್ಪತ್ರೆಯಲ್ಲಿದ್ದ ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದರು. ಅದಾದ ಮೇಲೆ ಗೌಡರ ತೋಟದ ಬೋರಿನಿಂದ ಗಾಡಿಯಲ್ಲಿ ಡ್ರಮ್ಮು ಡ್ರಮ್ಮು ನೀರು ತಂದು ತೊಂಬೆಗೆ ತುಂಬಿದ್ದರು. ದಿನವೂ ಕೇಳಿದರೆ ಒಂದು ಕೊಡ ಕೊಡದ ಗೌಡರು ಅಂದು ಮೋಟಾರನ್ನೇ ಊರಿಗೆ ಬಿಟ್ಟುಕೊಟ್ಟಿದ್ದರು. ಊರ ಮರ್ಯಾದೆಯ ಪ್ರಶ್ನೆ.

ಸಾಹೇಬರು ಬಾಟಲಿ ತುಂಬಿ ಸೀಲು ಹಾಕಿ, ಒಂದು ಚೊಂಬು ಕುಡಿದು, "ತಂಪಾಗಿದೆ" ಎಂದು ಹೊಗಳಿ, ಅವರೆಕಾಳು ಸಾರಿನಲ್ಲಿ ಉಂಡು ಜೀಪು ಹತ್ತುತ್ತಿದ್ದರು. ಕಾಂಪೌಂಡರು ಪೆಟ್ಟಿಗೆ ಹೊತ್ತೇ ಓಡಿದರು.

"ಸಾರ್, ಇದು ಆ ನೀರಲ್ಲ. ಇನ್ನೊಂದು ಸಲ ತಗೊಳ್ಳಿ. ನಾಳೆ ಬನ್ನಿ, ನಾಡಿದ್ದು ಬನ್ನಿ."

"ರೀ, ನಾನೇ ನನ್ನ ಕೈಲಿ ಹಿಡಿದಿದ್ದೀನಿ. ಊರಿನ ಅಷ್ಟೂ ಜನ ನೋಡಿದ್ದಾರೆ. ನೀವ್ಯಾರು?"

"ಇಲ್ಲಿ ಕಾಂಪೌಂಡರ್ ಸಾರ್."

"ಹಾಗಾದ್ರೆ ಮದ್ದು ಕೊಡಿ." ಜೀಪು ಹೊರಟುಹೋಯಿತು.

ಊರಿನ ಹೆಂಗಸರ ಮುಂದಾಳು ಕೆಂಪಮ್ಮ ಎಂಬಾಕೆ. ಕೆಳಗಿನ ಕೇರಿಯವಳು, ಕೂಲಿ ಮಾಡುವವಳು, ಐವತ್ತರ ಹತ್ತಿರದ ಗಟ್ಟಿಗಿತ್ತಿ. ಅರ್ಜಿಗಳಿಗೆ ಮೊದಲ ಹೆಬ್ಬೆಟ್ಟು ಯಾವಾಗಲೂ ಅವಳದು. ಅವಳೇ ಬೆಳಗಿನಿಂದ ನಿಂತು ಇದನ್ನೆಲ್ಲ ಮಾಡಿಸಿದ್ದಳು. ಹೊಗಳಿಕೆಗೆ ಕಾದವಳ ಹಾಗೆ ಬಂದು ನಿಂತಳು. ಕಾಂಪೌಂಡರ ಮುಖ ನೋಡಿ ಅವಳ ನಗು ಇಳಿಯಿತು.

"ಯಾಕವ್ವಾ ಹಿಂಗ್ ಮಾಡಿದೆ?" ಎಂದರು ಅವರು.

"ಮನೇಗ್ ಬಂದೋರ್ಗೆ ಆ ನೀರ ಎಂಗಪ್ಪಾ ಕೊಡಾದು? ನಾವೇನ್ ಮಾನ ಮರ್ವಾದೆ ಇಲ್ದೋರಾ?"

"ಅದನ್ನೇ ಕೊಡಬೇಕು ಅಂತ ತಾನೇ ಆರು ವರ್ಷ ಬರೆದದ್ದು! ನಿನ್ನ ಮೊಮ್ಮಗಳಿಗೆ ದಿನಾ ಅದನ್ನೇ ಕೊಡ್ತೀಯಲ್ಲ?"

"ಅದು ನಮ್ ಕೂಸು, ನಮ್ಜೊತೆ ಕುಡೀತದೆ. ಇವರು ಬಂದೋರು." ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಮೇಷ್ಟ್ರೇ ಯೋಳ್ ಕಳ್ಸಿದ್ರು, ಎಲ್ಲ ಸಿದ್ಧವಾಗಿರ್ಲಿ ಅಂತ."

ಅವರು ನನ್ನ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವರದಿ ಬೇಗನೇ ಬಂತು. ಸರ್ಕಾರದ ಕೆಲಸದಲ್ಲಿ ಬೇಗ ಆದದ್ದು ಅದೊಂದೇ. 'ಕುಡಿಯಲು ಯೋಗ್ಯ.' ಅಲ್ಲಿಂದ ಮುಂದೆ ನಾವು ಏನೇ ಬರೆಯಲಿ, ಎರಡೂ ತಾಲ್ಲೂಕಿನ ಕಚೇರಿಗಳಿಗೆ ಒಂದೇ ಉತ್ತರ ಸಿಕ್ಕಿಬಿಟ್ಟಿತು: ಸದರಿ ವರದಿಯನ್ನು ನೋಡಿಕೊಳ್ಳುವುದು. ಅದುವರೆಗೆ ಪರಸ್ಪರ ಹೊಂದದ ಎರಡು ಕಚೇರಿಗಳು ಆ ಒಂದು ವಿಷಯದಲ್ಲಿ ಹೊಂದಿಕೊಂಡವು. ಕಾಂಪೌಂಡರು ಮೂರು ತಿಂಗಳು ನನ್ನ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದರು. ನೀರು ಕೊಟ್ಟೆ. ಕುಲುಕಿದರು. ಬೆಳಕಿಗೆ ಹಿಡಿದರು. "ಹಾಕ್ರಿ ಕಾಗದ," ಎಂದರು. ಅಷ್ಟೇ.

ಮುಂದಿನ ಮಳೆಗಾಲ ಕೆಟ್ಟದಾಗಿತ್ತು. ಹೊಳೆಗೆ ಹೊಸ ನೀರು ಬಂದ ವಾರದಲ್ಲೇ ಆಸ್ಪತ್ರೆಯ ಮಂಚಗಳು ಸಾಲದೆ, ಶಾಲೆಯ ಜಗಲಿಯಲ್ಲಿ ಮಲಗಿಸಿ, ಗೋಡೆಗೆ ಮೊಳೆ ಹೊಡೆದು ಗ್ಲೂಕೋಸ್ ಬಾಟಲಿ ನೇತುಹಾಕಿದರು. ಡಾಕ್ಟರೂ ಮೂರು ದಿನ ಅಲ್ಲೇ ಇದ್ದು ಕೆಲಸ ಮಾಡಿದರು, ಅದನ್ನು ಹೇಳದಿದ್ದರೆ ತಪ್ಪು. ಆದರೂ ಕೆಂಪಮ್ಮನ ಮೊಮ್ಮಗಳು ಉಳಿಯಲಿಲ್ಲ. ಎರಡು ವರ್ಷ ತುಂಬಿರಲಿಲ್ಲ ಕೂಸಿಗೆ.

ಮಣ್ಣಿಗಿಟ್ಟು ಬಂದ ಮೇಲೆ ಕೆಂಪಮ್ಮ ಆಸ್ಪತ್ರೆಯ ಬಾಗಿಲಿಗೆ ಬಂದು ಕೂತಳು. ನಾನು ಅಲ್ಲಿದ್ದೆ. "ಬೋದ್ಬುಡು ಕಾಂಪೋಂಡ್ರಪ್ಪಾ," ಎಂದಳು. "ನಾನೇ ಮಾಡ್ದೋಳು. ಒಂದ್ ಕಿತ ಬೋದ್ಬುಡು, ನನ್ ಒಟ್ಟೆ ತಣ್ಗಾಗ್ಲಿ."

ಅವರು ಬಾಟಲಿ ತೊಳೆಯುತ್ತಿದ್ದರು. "ಬೈದ್ರೆ ನೀರು ತಿಳಿಯಾಗ್ತದೇನವ್ವಾ?" ಎಂದರು. ಕೈ ಒರೆಸಿಕೊಂಡು, ಒಳಗಿಂದ ವಾಂತಿಭೇದಿಗೆ ಕೊಡುವ ಮದ್ದಿನ ಪೊಟ್ಟಣ ತಂದು ಅವಳ ಮಡಿಲಿಗಿಟ್ಟರು. "ಸೊಸೆಗೆ ಕೊಡು. ನೀರು ಕುದಿಸು. ಸೌದೆ ಇಲ್ಲ ಅಂದ್ರೆ ಇಲ್ಲಿಗೆ ಬಾ, ಸ್ಟವ್ ಐತೆ."

ಆ ಮಗುವಿನ ಸಾವಿನ ಕಾರಣವನ್ನು ರಿಜಿಸ್ಟರಿನಲ್ಲಿ 'ಜ್ವರ' ಎಂದು ಬರೆಯಬೇಕೆಂದು ಮೇಲಿನಿಂದ ಬಾಯಿಮಾತಿನ ಸೂಚನೆ ಬಂತು. ಯೋಗ್ಯವಾದ ನೀರು ಕುಡಿದು ಸಾಯುವುದು ಹೇಗೆ? ಇವರು 'ವಾಂತಿಭೇದಿ' ಎಂದು ಬರೆದು, ಪಕ್ಕದಲ್ಲಿ 'ತೊಂಬೆ' ಎಂದೂ ಬರೆದರು. ಮೆಮೋ ಬಂತು. ಅದರ ಹಿಂದೆ ವರ್ಗಾವಣೆಯೂ ಬಂತು, ಜಿಲ್ಲೆಯಾಚೆಗೆ. ಊರಿನವರು ಆರ್ಡರು ರದ್ದು ಮಾಡಿ ಎಂದು ಅರ್ಜಿ ಕೊಟ್ಟರು. ಅದನ್ನೂ ನಾನೇ ಟೈಪ್ ಮಾಡಿದ್ದು. 'ಪರಿಶೀಲನೆಯಲ್ಲಿದೆ.'

ಅಲ್ಲಿಂದ ರಜೆಗೆ ಬಂದಾಗಲೂ, ನಿವೃತ್ತರಾಗಿ ನಂಜನಗೂಡಿಗೆ ವಾಪಸಾದ ಮೇಲೂ ಅರ್ಜಿ ಬರೆಸಲು ಬರುತ್ತಿದ್ದರು. ಅಷ್ಟರಲ್ಲಿ ನನ್ನ ಟೈಪ್ ಮಿಷಿನ್ನುಗಳ ಜಾಗಕ್ಕೆ ಎರಡು ಕಂಪ್ಯೂಟರು ಬಂದಿದ್ದವು. ಹಳೆಯ ಅರ್ಜಿ ಅದರೊಳಗೇ ಇರುತ್ತದೆ, ತಾರೀಖು ಬದಲಿಸಿದರೆ ಸಾಕು ಎಂದು ತೋರಿಸಿದೆ. ಅವರು ಪರದೆಯನ್ನೇ ನೋಡುತ್ತ ಕೂತರು. "ಇಷ್ಟೇನಾ ಮೇಷ್ಟ್ರೇ? ಇಷ್ಟು ವರ್ಷ ನಾನು ಬದಲಾಯಿಸಿದ್ದೂ ತಾರೀಖೊಂದೇ ಅಲ್ವಾ?" ಎಂದರು. ನಾನು ತಾರೀಖು ಬದಲಿಸಿ, ಪ್ರಿಂಟು ತೆಗೆದು ಸಹಿಗೆ ಅವರ ಮುಂದಿಟ್ಟೆ. 

ನಂಜನಗೂಡಿನ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ಊರಿನ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಮನೆಯವರು ಎಲ್ಲರಿಗೂ ನೀರು ಕೊಟ್ಟರು. ಯಾರೂ ಏನೂ ಕೇಳದೆ ಕುಡಿದೆವು.

ಅವರು ಹೋದ ಮರುವರ್ಷ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಒಂದು ದಿನ, ಯಾವ ಪತ್ರವೂ ಇಲ್ಲದೆ, ಹೊಸ ಅಧಿಕಾರಿಯೊಬ್ಬಳು ಆ ಊರಿಗೆ ಬಂದು ತೊಂಬೆಯ ನೀರು ಕೇಳಿದಳು. ಗೌಡರ ಮನೆಯಿಂದ ಬೋರಿನ ನೀರಿನ ಚೊಂಬು ತರಲು ಯಾರೋ ಓಡಿದರಂತೆ. ಕೆಂಪಮ್ಮ ಅಡ್ಡ ನಿಂತು, ಆ ಹೆಣ್ಣುಮಗಳ ಕೈಯಿಂದಲೇ ತೊಂಬೆಯ ನಲ್ಲಿಗೆ ಬಾಟಲಿ ಹಿಡಿಸಿದಳಂತೆ. ವರದಿ ಬಂತು: 'ಕುಡಿಯಲು ಯೋಗ್ಯವಲ್ಲ.' ನಾವು ಕಾದಿದ್ದ ಅದೇ ಎರಡು ಪದ. ವಾರದೊಳಗೆ ನೌಕರರು ಬಂದು, ಅಯೋಗ್ಯ ನೀರು ಕೊಡುವಂತಿಲ್ಲವೆಂದು ಪಂಪಿಗೆ ಬೀಗ ಹಾಕಿ, ನಲ್ಲಿಗಳನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಹೊಸ ಕವಲಿನ ವಿಷಯ ಯಾವ ತಾಲ್ಲೂಕಿನದು ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಕೆಳಗೆ ಬೀದಿಯಲ್ಲಿ ಮೂವತ್ತು ನಲವತ್ತು ಹೆಂಗಸರಿದ್ದರು. ಕೆಂಪಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ನಾನು ಕಂಪ್ಯೂಟರಿನ ಸ್ವಿಚ್ಚು ಹಾಕಿ, ಯಾರ ಹೆಸರಿಗೆ ಅರ್ಜಿ ಎಂದು ಕೇಳಿದೆ.

"ಅರ್ಜಿ ಬ್ಯಾಡ ಕಣ್ ಮೇಷ್ಟ್ರೇ," ಎಂದಳು. "ತಾಲ್ಲೂಕ್ ಆಫೀಸ್ ಬಾಗ್ಲಲ್ಲಿ ಕುಂತ್ಕತೀವಿ. ನೆಲ ತ್ಯಾವ ಆಗೈತೆ, ಒಂದೆರಡ್ ಚಾಪೆ ಇದ್ರೆ ಕೊಡಿ."

ನನ್ನ ಹತ್ತಿರ ಒಂದೇ ಚಾಪೆ ಇತ್ತು. ಅದನ್ನು ಸುತ್ತಿ ಕಂಕುಳಿಗಿಟ್ಟುಕೊಂಡು, ಬೀಗ ಹಾಕಿ, ಅವಳ ಹಿಂದೆ ನಾನೂ ಇಳಿದೆ.